ಅಕೌಂಟ್ ಇದೆ, ಪಾಸ್‌ವರ್ಡ್ ಇದೆ, ಲಾಗಿನ್ ಮಾತ್ರ ಆಗ್ತಿಲ್ಲ

ಪ್ರಶ್ನೆ: ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೊಸ ಸರ್ವರ್ ಬಂತು, ಉಬುಂಟು 24.04 ಹಾಕಿದೆವು. 60 ವಿದ್ಯಾರ್ಥಿಗಳ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ಮತ್ತು ಹುಟ್ಟಿದ ತಾರೀಖು ಎಕ್ಸೆಲ್‌ನಲ್ಲಿ ಇತ್ತು. ಅದನ್ನು ಸಿಎಸ್‌ವಿ (ಕಾಮಾ ಹಾಕಿ ಬೇರೆ ಮಾಡಿದ ಸಾದಾ ಪಠ್ಯ ಫೈಲ್) ಮಾಡಿ, ಚಿಕ್ಕ ಸ್ಕ್ರಿಪ್ಟ್ ಬರೆದು, ಎಲ್ಲರಿಗೂ ಒಟ್ಟಿಗೆ ಅಕೌಂಟ್ ಮಾಡಿದೆ. ಹುಟ್ಟಿದ ತಾರೀಖೇ ಪಾಸ್‌ವರ್ಡ್. ಈಗ ಪುಟ್ಟಿಯಿಂದ (ವಿಂಡೋಸ್‌ನಿಂದ ಸರ್ವರ್‌ಗೆ ಲಾಗಿನ್ ಆಗುವ ಪ್ರೋಗ್ರಾಂ) ಯಾರೇ ಲಾಗಿನ್ ಮಾಡಿದರೂ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ‘ಆ್ಯಕ್ಸೆಸ್ ಡಿನೈಡ್’ ಅನ್ನುತ್ತದೆ. ನನ್ನ ಹಳೇ ಅಕೌಂಟ್ ಸರಿಯಾಗಿ ನಡೆಯುತ್ತಿದೆ. ರೂಟ್‌ನಿಂದ (ಎಲ್ಲ ಅಧಿಕಾರ ಇರುವ ಅಕೌಂಟ್) ‘ಸು’ ಕೊಟ್ಟು ವಿದ್ಯಾರ್ಥಿಯ ಅಕೌಂಟಿಗೆ ಹೋದರೆ ಆರಾಮಾಗಿ ಒಳಗೆ ಹೋಗುತ್ತೇನೆ. ಅಂದರೆ ಅಕೌಂಟ್ ಸರಿ ಇದೆ, ಅಲ್ವಾ? ಎಲ್ಲವನ್ನೂ ಡಿಲೀಟ್ ಮಾಡಿ ಮತ್ತೆ ಮಾಡಲಾ?

ಉತ್ತರ: ‘ಸು’ ಪರೀಕ್ಷೆಯಿಂದಲೇ ಶುರು ಮಾಡೋಣ. ಜಾಸ್ತಿ ಜನ ದಾರಿ ತಪ್ಪುವುದು ಅಲ್ಲೇ. ರೂಟ್ ಆಗಿ ‘ಸು’ ಕೊಟ್ಟರೆ ಲಿನಕ್ಸ್ ಪಾಸ್‌ವರ್ಡ್ ಕೇಳುವುದೇ ಇಲ್ಲ. ‘ಪ್ಯಾಮ್ ರೂಟ್‌ಓಕೆ’ ಅನ್ನುವ ಒಂದು ಸಾಲು ‘ಇವರು ರೂಟ್, ಬಿಡಿ’ ಎಂದು ದಾರಿ ಬಿಡುತ್ತದೆ. ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಹೆಚ್ ಅಂತೂ ನಡುವೆ ಬರುವುದೇ ಇಲ್ಲ. ಹಾಗಾಗಿ ನಿಮಗೆ ಗೊತ್ತಾಗಿದ್ದು ಇಷ್ಟೇ: ಆ ಹೆಸರಿನ ಅಕೌಂಟ್ ಇದೆ, ಅದರ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಓಡುತ್ತದೆ. ಪಾಸ್‌ವರ್ಡ್ ಬಗ್ಗೆ ಆ ಪರೀಕ್ಷೆ ಒಂದು ಮಾತನ್ನೂ ಹೇಳಿಲ್ಲ.

ಅದೇ ‘ಸು’ವನ್ನು ನಿಮ್ಮ ಹಳೇ ಅಕೌಂಟಿನಿಂದ, ಸುಡೋ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಇಲ್ಲದೆ ಕೊಡಿ. ಈಗ ಅದು ವಿದ್ಯಾರ್ಥಿಯ ಪಾಸ್‌ವರ್ಡ್ ಕೇಳುತ್ತದೆ. ಪಟ್ಟಿಯಲ್ಲಿ ಇರುವುದನ್ನು ಕೈಯಿಂದಲೇ ಟೈಪ್ ಮಾಡಿ. ಒಳಗೆ ಬಿಟ್ಟರೆ ಪಾಸ್‌ವರ್ಡ್ ಸರಿ ಇದೆ, ತೊಂದರೆ ಎಸ್‌ಎಸ್‌ಹೆಚ್ ಸೆಟ್ಟಿಂಗ್‌ನಲ್ಲಿದೆ. ಬಿಡದಿದ್ದರೆ ತೊಂದರೆ ಅಕೌಂಟಿನಲ್ಲೇ ಇದೆ, ಎಸ್‌ಎಸ್‌ಹೆಚ್ ಕಡೆ ಸದ್ಯ ನೋಡಬೇಕಿಲ್ಲ. ಅರ್ಧ ಹುಡುಕಾಟ ಇಲ್ಲೇ ಮುಗಿಯುತ್ತದೆ.

(ಕಮಾಂಡುಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.)

ಇನ್ನು ಪುಟ್ಟಿ ತೋರಿಸುವ ‘ಆ್ಯಕ್ಸೆಸ್ ಡಿನೈಡ್’. ಅದನ್ನು ಎಷ್ಟು ಸಲ ಓದಿದರೂ ಕಾರಣ ಸಿಗುವುದಿಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ. ಪಾಸ್‌ವರ್ಡ್ ತಪ್ಪಿದ್ದರೂ ಅದೇ ಉತ್ತರ, ಅಕೌಂಟ್ ಲಾಕ್ ಆಗಿದ್ದರೂ ಅದೇ, ಆ ಹೆಸರಿನ ಮನುಷ್ಯನೇ ಸರ್ವರ್‌ನಲ್ಲಿ ಇಲ್ಲದಿದ್ದರೂ ಅದೇ. ಇಲ್ಲದ ಯೂಸರ್‌ಗೂ ಓಪನ್‌ಎಸ್‌ಎಸ್‌ಹೆಚ್ (ಎಸ್‌ಎಸ್‌ಹೆಚ್ ನಡೆಸುವ ಸಾಫ್ಟ್‌ವೇರ್) ಶಾಂತವಾಗಿ ಪಾಸ್‌ವರ್ಡ್ ಕೇಳುತ್ತದೆ, ಸುಳ್ಳು ಹ್ಯಾಶ್ (ಪಾಸ್‌ವರ್ಡ್ ಬದಲು ಉಳಿಸಿಡುವ ಗುಪ್ತ ರೂಪ) ಒಂದರ ಜೊತೆ ಹೋಲಿಸಿದಂತೆ ನಟಿಸುತ್ತದೆ, ಆಮೇಲೆ ಬೇಡ ಅನ್ನುತ್ತದೆ. ಹೊರಗಿನವರಿಗೆ ಯಾವ ಹೆಸರು ಇದೆ, ಯಾವುದು ಇಲ್ಲ ಅನ್ನುವುದು ಗೊತ್ತಾಗಬಾರದು, ಅದಕ್ಕೆ. 2016ರಲ್ಲಿ ಈ ನಟನೆಯಲ್ಲೂ ಒಂದು ತೂತು ಸಿಕ್ಕಿತು. ತುಂಬಾ ಉದ್ದದ ಪಾಸ್‌ವರ್ಡ್ ಕಳಿಸಿದರೆ, ಇಲ್ಲದ ಹೆಸರಿಗೆ ಉತ್ತರ ಬೇಗ ಬರುತ್ತಿತ್ತು. 7.3ನೇ ಆವೃತ್ತಿಯಲ್ಲಿ ಅದನ್ನು ಮುಚ್ಚಿದರು. ಇಷ್ಟು ಕಷ್ಟಪಟ್ಟು ಮುಚ್ಚಿಟ್ಟ ಕಾರಣ ಕ್ಲೈಂಟ್ ಪರದೆಯಲ್ಲಿ ಸಿಗುತ್ತದೆ ಅಂತ ಕಾಯಬಾರದು.

ಕ್ಲೈಂಟ್ ಪರದೆಯಿಂದ ಒಂದು ಸುಳಿವು ಮಾತ್ರ ಸಿಗುತ್ತದೆ. ಪಾಸ್‌ವರ್ಡ್ ಕೇಳಿತೋ ಇಲ್ಲವೋ? ನಿಮಗೆ ಕೇಳುತ್ತಿದೆ. ಕೇಳದೆಯೇ ‘ನೋ ಸಪೋರ್ಟೆಡ್ ಆಥೆಂಟಿಕೇಶನ್ ಮೆಥಡ್ಸ್’ ಎಂದು ಬಂದಿದ್ದರೆ ಸರ್ವರ್‌ನಲ್ಲಿ ಪಾಸ್‌ವರ್ಡ್ ಲಾಗಿನ್ನೇ ಬಂದ್ ಆಗಿದೆ ಎಂದರ್ಥ. ನಿಮ್ಮದು ಅದಲ್ಲ.

ನಿಜವಾದ ಕಾರಣ ಸರ್ವರ್‌ನ ಲಾಗ್‌ನಲ್ಲಿದೆ. ನಿಮ್ಮ ಹಳೇ ಅಕೌಂಟಿನಲ್ಲಿ ಕೂತು ‘ಸುಡೋ ಟೇಲ್ -ಎಫ್ /ವಾರ್/ಲಾಗ್/ಆತ್.ಲಾಗ್’ ಕೊಡಿ. ಅದು ಓಡುತ್ತಿರುವಾಗ ಒಬ್ಬ ವಿದ್ಯಾರ್ಥಿಗೆ ಲಾಗಿನ್ ಮಾಡಲು ಹೇಳಿ. ರಾಕಿ, ಆಲ್ಮಾ ತರಹದ ರೆಡ್ ಹ್ಯಾಟ್ ಬಳಗದಲ್ಲಿ ಅದೇ ಜಾಗದಲ್ಲಿ ‘ಸೆಕ್ಯೂರ್’ ಅನ್ನುವ ಫೈಲ್ ಇರುತ್ತದೆ. ಡೆಬಿಯನ್ 12ರಲ್ಲಿ ಫೈಲೇ ಇಲ್ಲದಿರಬಹುದು, ಅಲ್ಲಿ ‘ಜರ್ನಲ್‌ಸಿಟಿಎಲ್ -ಯು ಎಸ್‌ಎಸ್‌ಹೆಚ್ -ಎಫ್’ ಕೊಡಬೇಕು.

ಏನು ಬರುತ್ತದೆ ನೋಡಿ. ‘ಇನ್‌ವ್ಯಾಲಿಡ್ ಯೂಸರ್’ ಅಂತ ಬಂದರೆ ವಿದ್ಯಾರ್ಥಿ ಹೊಡೆದ ಹೆಸರಿನ ಅಕೌಂಟೇ ಇಲ್ಲ. ‘ನಾಟ್ ಅಲೋಡ್ ಬಿಕಾಸ್’ ಅಂತ ಬಂದರೆ ಅದೃಷ್ಟ, ಕಾರಣ ಅದೇ ಸಾಲಿನಲ್ಲಿ ಮುಂದೆ ಬರೆದಿರುತ್ತದೆ. ಹೆಚ್ಚಾಗಿ ‘ಅಲೋಯೂಸರ್ಸ್ ಪಟ್ಟಿಯಲ್ಲಿ ಇಲ್ಲ’ (ಎಸ್‌ಎಸ್‌ಹೆಚ್ ಯಾರನ್ನು ಒಳಗೆ ಬಿಡಬೇಕು ಅನ್ನುವ ಹೆಸರುಗಳ ಪಟ್ಟಿ) ಎಂದಿರುತ್ತದೆ, ಇಲ್ಲದಿದ್ದರೆ ‘ಶೆಲ್ ಇಲ್ಲ’ ಎಂದಿರುತ್ತದೆ. ನಿಮ್ಮ ಹಳೇ ಅಕೌಂಟ್ ಮಾತ್ರ ನಡೆಯುತ್ತಿರುವುದರಿಂದ ಈ ಅಲೋಯೂಸರ್ಸ್ ಸಾಲನ್ನು ನಾನೂ ಅನುಮಾನಿಸುತ್ತೇನೆ. ಭದ್ರತೆಗೆ ಅಂತ ಯಾರೋ ಒಂದೇ ಹೆಸರು ಬರೆದು ಮರೆತಿರುವುದು ಮಾಮೂಲು. ‘ಅಕೌಂಟ್ ಹ್ಯಾಸ್ ಎಕ್ಸ್‌ಪೈರ್ಡ್’ ಅಂದರೆ ಅವಧಿ ಮುಗಿದಿದೆ. ಹಿಂದಿನ ಬ್ಯಾಚಿನ ಸ್ಕ್ರಿಪ್ಟನ್ನೇ ನಕಲು ಮಾಡಿದಾಗ ಹಳೇ ವರ್ಷದ ಮುಕ್ತಾಯ ತಾರೀಖೂ ಜೊತೆಗೆ ಬಂದುಬಿಡುತ್ತದೆ. ‘ಚೇಜ್ -ಎಲ್’ ಜೊತೆ ಹೆಸರು ಕೊಟ್ಟರೆ ತಾರೀಖು ಕಾಣುತ್ತದೆ.

ಇವು ಯಾವುವೂ ಇಲ್ಲದೆ ಬರೀ ‘ಫೇಲ್ಡ್ ಪಾಸ್‌ವರ್ಡ್ ಫಾರ್’, ಮುಂದೆ ಯುಎಸ್‌ಎನ್ ಬಂದರೆ? ಹೆಸರು ಇದೆ, ಪಾಸ್‌ವರ್ಡ್ ಹೊಂದುತ್ತಿಲ್ಲ. ನಿಮ್ಮ ವಿವರ ಓದಿದರೆ ನಿಮಗೆ ಬರುವುದು ಇದೇ ಅನ್ನಿಸುತ್ತದೆ. ಎಕ್ಸೆಲ್, ಸಿಎಸ್‌ವಿ, ಹುಟ್ಟಿದ ತಾರೀಖು, 60ಕ್ಕೆ 60 ಫೇಲ್ - ಈ ಜೋಡಿಗೆ ಎರಡೇ ಹಳೇ ಕಾರಣಗಳು.

‘ಸುಡೋ ಗೆಟ್‌ಎಂಟ್ ಶಾಡೋ’ ಜೊತೆ ಒಂದು ಯುಎಸ್‌ಎನ್ ಕೊಡಿ. ಒಂದು ಸಾಲು ಬರುತ್ತದೆ. ಮೊದಲ ಮತ್ತು ಎರಡನೇ ಕೋಲನ್ ನಡುವೆ ಏನಿದೆ ನೋಡಿ. ಅಲ್ಲಿ ಬರೀ ‘!’ ಇದ್ದರೆ ಪಾಸ್‌ವರ್ಡ್ ಕೂತೇ ಇಲ್ಲ. ಅಕೌಂಟ್ ಮಾಡುವ ‘ಯೂಸರ್‌ಆ್ಯಡ್’ ಕಮಾಂಡ್ ಅದನ್ನು ಲಾಕ್ ಮಾಡಿಯೇ ಹುಟ್ಟಿಸುತ್ತದೆ, ಸ್ಕ್ರಿಪ್ಟ್‌ನ ಪಾಸ್‌ವರ್ಡ್ ಸಾಲು ಓಡಿಲ್ಲ ಅಂತ ಲೆಕ್ಕ. ಅಲ್ಲಿ ವಿದ್ಯಾರ್ಥಿಯ ಹುಟ್ಟಿದ ತಾರೀಖೇ ಬರಿಗಣ್ಣಿಗೆ ಕಂಡರೆ ಕಾರಣ ಸಿಕ್ಕಿತು. ನೀವು ಯೂಸರ್‌ಆ್ಯಡ್‌ಗೆ ‘-ಪಿ’ ಹಾಕಿ ಪಾಸ್‌ವರ್ಡ್ ಕೊಟ್ಟಿದ್ದೀರಿ. ಆ ‘-ಪಿ’ ಕೇಳುವುದು ಪಾಸ್‌ವರ್ಡ್ ಅಲ್ಲ, ಆಗಲೇ ಹ್ಯಾಶ್ ಮಾಡಿದ ಸಾಲು. ನೀವು ಕೊಟ್ಟಿದ್ದನ್ನು ಅದು ಹಾಗೇ ಬರೆದಿಟ್ಟಿದೆ. ವಿದ್ಯಾರ್ಥಿ ತಾರೀಖು ಹೊಡೆದಾಗ ಅದರ ಹ್ಯಾಶ್ ಮಾಡಿ ಹೋಲಿಸುತ್ತದೆ. ಯಾವತ್ತೂ ಹೊಂದಲ್ಲ.

ಉಬುಂಟುವಿನ ಸರಿಯಾದ ಹ್ಯಾಶ್ ‘$ವೈ$’ ಎಂದು ಶುರುವಾಗುತ್ತದೆ, ಹಳೇ ಸಿಸ್ಟಮ್‌ಗಳಲ್ಲಿ ‘$6$’. ಅದು ಸರಿಯಾಗೇ ಕೂತಿದ್ದೂ ಪಾಸ್‌ವರ್ಡ್ ಹೊಂದುತ್ತಿಲ್ಲ ಅಂದರೆ ಎರಡನೇ ಕಾರಣಕ್ಕೆ ಬನ್ನಿ. ಸಿಎಸ್‌ವಿ ಫೈಲ್ ಮೇಲೆ ‘ಕ್ಯಾಟ್ -’ ಹಾಕಿ ದೊಡ್ಡ ‘ಎ’ ಕೊಡಿ. ಸಾಲಿನ ಕೊನೆಗೆ ‘$’ ಒಂದೇ ಇರಬೇಕು. ‘^ಎಂ$’ ಎಂದು ಕಂಡರೆ ಅಲ್ಲೇ ಕಳ್ಳ ಇದ್ದಾನೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ. ಲಿನಕ್ಸ್ ತನ್ನದನ್ನು ತೆಗೆಯುತ್ತದೆ, ಇನ್ನೊಂದು ಕೊನೆಯ ಕಾಲಮ್‌ಗೆ ಅಂಟಿಕೊಂಡು ಉಳಿಯುತ್ತದೆ. ನಿಮ್ಮ ಕೊನೆಯ ಕಾಲಮ್ ಪಾಸ್‌ವರ್ಡ್. ಪಾಸ್‌ವರ್ಡ್ ಕೂರಿಸುವ ‘ಸಿಎಚ್‌ಪಾಸ್‌ಡಬ್ಲ್ಯುಡಿ’ ಕಮಾಂಡ್ ಅದನ್ನೂ ಸೇರಿಸಿ ಹ್ಯಾಶ್ ಮಾಡಿದೆ. 8 ಅಂಕಿಯ ಪಾಸ್‌ವರ್ಡ್ 9 ಅಕ್ಷರದ್ದಾಗಿದೆ, ಒಂಬತ್ತನೆಯದು ಕೀಬೋರ್ಡಿನಲ್ಲಿ ಹೊಡೆಯಲು ಬರುವುದಲ್ಲ, ಯಾಕಂದರೆ ಅದು ಎಂಟರ್ ಒತ್ತಿದಂತೆ.

ಸರಿ ಮಾಡುವುದು ಸುಲಭ. ‘ಡಾಸ್2ಯೂನಿಕ್ಸ್’ ಅನ್ನುವ ಪುಟ್ಟ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ ಸಿಎಸ್‌ವಿ ಫೈಲನ್ನು ಅದಕ್ಕೆ ಕೊಡಿ. ಆಮೇಲೆ ‘ಹೆಸರು:ಪಾಸ್‌ವರ್ಡ್’ ರೂಪದ ಸಾಲುಗಳನ್ನು ಮತ್ತೊಮ್ಮೆ ಸಿಎಚ್‌ಪಾಸ್‌ಡಬ್ಲ್ಯುಡಿಗೆ ಹರಿಸಿ. ಅಕೌಂಟ್ ಹಾಗೇ ಇರುತ್ತದೆ, ಪಾಸ್‌ವರ್ಡ್ ಮಾತ್ರ ಹೊಸದಾಗಿ ಕೂರುತ್ತದೆ. ‘-ಪಿ’ ಕಾರಣ ಇದ್ದರೂ ಇದೇ ಮದ್ದು.

ಇಷ್ಟಾದ ಮೇಲೂ ಕೆಲವರು ಬರುತ್ತಾರೆ, ‘ಸರ್, ನಂದು ಇನ್ನೂ ಆಗ್ತಿಲ್ಲ’ ಅಂತ. ಅವರ ಹುಟ್ಟಿದ ತಾರೀಖು ಕೇಳಿ. ತಿಂಗಳ 1ರಿಂದ 9ರೊಳಗೆ ಹುಟ್ಟಿದವರೇ ಆಗಿದ್ದರೆ ಎಕ್ಸೆಲ್ ಮುಂದಿನ ಸೊನ್ನೆ ತಿಂದಿದೆ. 05082005 ಅದಕ್ಕೆ ಒಂದು ಸಂಖ್ಯೆ, 5082005 ಎಂದು ಉಳಿಸುತ್ತದೆ. ನಡುವೆ ಗೆರೆ ಹಾಕಿ ತಾರೀಖಿನಂತೆ ಬರೆದಿದ್ದರೆ ಇನ್ನೂ ಗೋಜಲು, ಕಂಪ್ಯೂಟರಿನ ಭಾಷಾ ಸೆಟ್ಟಿಂಗ್ ನೋಡಿ ತಿಂಗಳು ಮುಂದೆ, ದಿನ ಹಿಂದೆ ಆಗಬಹುದು. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿ ತುಂಬಬೇಕು. ತುಂಬಿದ ಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಸೊನ್ನೆ ವಾಪಸ್ ಬರಲ್ಲ.

ಪಟ್ಟಿಯ ಮೊದಲ ಹೆಸರು ಮಾತ್ರ ಕೈಕೊಟ್ಟರೆ ಬೇರೆ ಕಥೆ. ಎಕ್ಸೆಲ್‌ನ ‘ಸಿಎಸ್‌ವಿ ಯುಟಿಎಫ್-8’ ಆಯ್ಕೆ ಫೈಲಿನ ತಲೆಗೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತದೆ. ಮೊದಲ ಯುಎಸ್‌ಎನ್‌ಗೆ ಅದು ಅಂಟುತ್ತದೆ. ಒಂದೋ ಆ ಅಕೌಂಟೇ ಆಗಿರಲ್ಲ, ಇಲ್ಲವೇ ಯಾರೂ ಟೈಪ್ ಮಾಡಲಾಗದ ಹೆಸರಿನಲ್ಲಿ ಆಗಿರುತ್ತದೆ. ಕೊನೆಯ ಹೆಸರು ಮಾತ್ರ ಇಲ್ಲದಿದ್ದರೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತಿದ್ದಿದವರು ಕೊನೆಗೆ ಎಂಟರ್ ಒತ್ತಿಲ್ಲ. ಶೆಲ್ ಸ್ಕ್ರಿಪ್ಟಿನ ‘ವೈಲ್ ರೀಡ್’ ಅಂಥ ಅರ್ಧ ಸಾಲನ್ನು ಬಿಟ್ಟುಬಿಡುತ್ತದೆ.

ಯುಎಸ್‌ಎನ್ ವಿಷಯಕ್ಕೆ ಬಂದೆವಲ್ಲ, ನಮ್ಮ ಭಾಗಕ್ಕೇ ಇರುವ ಒಂದು ತಲೆನೋವು ಹೇಳಬೇಕು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಲೆಕ್ಕದಲ್ಲಿ ಕಲಬುರಗಿ ವಿಭಾಗದ ಅಂಕಿ 3. ಕಲಬುರಗಿ, ಬೀದರ್, ಯಾದಗಿರಿ ಹುಡುಗರ ಯುಎಸ್‌ಎನ್ ಎಲ್ಲ 3ರಿಂದ ಶುರು. ಲಿನಕ್ಸ್‌ಗೆ ಅಂಕಿಯಿಂದ ಶುರುವಾಗುವ ಹೆಸರು ಇಷ್ಟವಿಲ್ಲ. ಉಬುಂಟುವಿನ ‘ಆ್ಯಡ್‌ಯೂಸರ್’ ಅದನ್ನು ಬೇಡ ಅನ್ನುತ್ತದೆ, ದೊಡ್ಡ ಅಕ್ಷರವನ್ನೂ ಬೇಡ ಅನ್ನುತ್ತದೆ. ‘ಯೂಸರ್‌ಆ್ಯಡ್’ ಎಷ್ಟು ಕಟ್ಟುನಿಟ್ಟು ಅನ್ನುವುದು ಡಿಸ್ಟ್ರೋ (ಲಿನಕ್ಸ್‌ನ ಬಗೆ), ಆವೃತ್ತಿ ನೋಡಿ ಬದಲಾಗುತ್ತದೆ. ಅದು ಒಪ್ಪಿತು ಅಂತ ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. 2017ರಲ್ಲಿ ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನ ಸರ್ವೀಸ್‌ಗಳನ್ನು ನಡೆಸುವ ಪ್ರೋಗ್ರಾಂ) ಇದೇ ವಿಷಯಕ್ಕೆ ದೊಡ್ಡ ಗಲಾಟೆ ಆಗಿತ್ತು. ಸರ್ವೀಸ್ ಫೈಲಿನಲ್ಲಿ ಅಂಕಿಯಿಂದ ಶುರುವಾಗುವ ಯೂಸರ್ ಹೆಸರು ಬರೆದರೆ, ‘ಇದು ಹೆಸರಲ್ಲ’ ಎಂದು ಬದಿಗಿಟ್ಟು ಆ ಸರ್ವೀಸನ್ನು ರೂಟ್ ಹೆಸರಲ್ಲೇ ಓಡಿಸುತ್ತಿತ್ತು. ಹಾಗಾಗಿ ಮುಂದೆ ಒಂದು ಸಣ್ಣ ‘ಎಸ್’ ಸೇರಿಸಿ, ಉಳಿದದ್ದನ್ನೂ ಸಣ್ಣ ಅಕ್ಷರದಲ್ಲಿ ಬರೆಯುವುದು ನನ್ನ ಸಲಹೆ. ಹಾಲ್ ಟಿಕೆಟ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಇರುತ್ತದೆ, ಹುಡುಗರು ಹಾಗೇ ಹೊಡೆಯುತ್ತಾರೆ. ಲಿನಕ್ಸ್‌ಗೆ ಅದು ಬೇರೆ ಮನುಷ್ಯ. ಲಾಗ್‌ನಲ್ಲಿ ‘ಇನ್‌ವ್ಯಾಲಿಡ್ ಯೂಸರ್’ ಕಂಡರೆ ಮೊದಲು ಕ್ಯಾಪ್ಸ್ ಲಾಕ್ ದೀಪ ನೋಡಿ.

ಹೆಸರು ಬದಲಿಸಲು ‘ಯೂಸರ್‌ಮಾಡ್ -ಎಲ್’ ಇದೆ, ಡಿಲೀಟ್ ಬೇಕಿಲ್ಲ. ನೀವು ಕೇಳಿದ ಡಿಲೀಟ್ ನನಗೆ ಇಷ್ಟವಿಲ್ಲದ ದಾರಿ. ಲಿನಕ್ಸ್ ಫೈಲಿನ ಮೇಲೆ ಬರೆಯುವುದು ಹೆಸರಲ್ಲ, ಪ್ರತಿ ಅಕೌಂಟಿಗೂ ಕೊಡುವ ಯುಐಡಿ ಸಂಖ್ಯೆ. ‘ಯೂಸರ್‌ಡೆಲ್’ ಸುಮ್ನೆ ಕೊಟ್ಟರೆ ಹೋಮ್ ಫೋಲ್ಡರ್‌ಗಳು ಹಿಂದೆ ಉಳಿಯುತ್ತವೆ. ಮತ್ತೆ ಅಕೌಂಟ್ ಮಾಡುವಾಗ ಪಟ್ಟಿಯ ಕ್ರಮ ಒಂದು ಸಾಲು ಆಚೀಚೆ ಆದರೂ ಸಂಖ್ಯೆಗಳು ಸರಿಯುತ್ತವೆ. ಒಬ್ಬರ ಫೋಲ್ಡರ್ ಇನ್ನೊಬ್ಬರದಾಗುತ್ತದೆ. ಆಮೇಲೆ ಬರುವ ಪರ್ಮಿಷನ್ ತೊಂದರೆ ಈಗಿನದಕ್ಕಿಂತ ಕೆಟ್ಟದು.

ಇನ್ನೊಂದು ವಿಷಯ ಈಗಲೇ ನೋಡಿಬಿಡಿ. ಉಬುಂಟುವಿನ ಯೂಸರ್‌ಆ್ಯಡ್‌ಗೆ ‘-ಎಂ’ ಕೊಡದಿದ್ದರೆ ಹೋಮ್ ಫೋಲ್ಡರ್ ಹುಟ್ಟುವುದಿಲ್ಲ. ‘-ಎಸ್ /ಬಿನ್/ಬ್ಯಾಶ್’ ಕೊಡದಿದ್ದರೆ ಸಾದಾ ‘ಎಸ್‌ಹೆಚ್’ ಶೆಲ್ ಸಿಗುತ್ತದೆ. ಎಸ್‌ಎಸ್‌ಹೆಚ್‌ನಲ್ಲಿ ಹೋಮ್ ಇಲ್ಲದಿದ್ದರೂ ಲಾಗಿನ್ ಆಗುತ್ತದೆ, ಒಂದು ಎಚ್ಚರಿಕೆ ಸಾಲು ಬರುತ್ತದೆ ಅಷ್ಟೇ. ಆದರೆ ಫೈಲ್ ಉಳಿಸಲು ಜಾಗವಿಲ್ಲ. ಡೆಸ್ಕ್‌ಟಾಪ್ ಲಾಗಿನ್ ಆದರೆ ಪಾಸ್‌ವರ್ಡ್ ಒಪ್ಪಿ, ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಲಾಗಿನ್ ಪರದೆಗೇ ಬರುತ್ತದೆ. ಡಿಸ್ಕ್ ತುಂಬಿದಾಗಲೂ ಇದೇ ಲಕ್ಷಣ, ‘ಡಿಎಫ್ -ಎಚ್’ ನೋಡಿ. ಮೇಲಿನ ಬಾಣದ ಕೀ ಒತ್ತಿದರೆ ಹಳೇ ಕಮಾಂಡ್ ಬರುವ ಬದಲು ಚಿತ್ರವಿಚಿತ್ರ ಗುರುತು ಬರುತ್ತಿದೆ ಅಂತ ಹುಡುಗರು ದೂರಿದರೆ ಅದು ಆ ‘ಎಸ್‌ಹೆಚ್’ನ ಕೆಲಸ.

ಹುಟ್ಟಿದ ತಾರೀಖು ಪಾಸ್‌ವರ್ಡ್ ಆಗಿ ಒಂದು ದಿನಕ್ಕೆ ಸರಿ, ಅದಕ್ಕಿಂತ ಜಾಸ್ತಿ ಬೇಡ. ಪಕ್ಕದ ಬೆಂಚಿನವರಿಗೆ ಅದು ಗೊತ್ತಿರುತ್ತದೆ. ‘ಚೇಜ್ -ಡಿ 0’ ಕೊಟ್ಟರೆ ಮೊದಲ ಲಾಗಿನ್‌ನಲ್ಲೇ ಬದಲಿಸಲು ಕೇಳುತ್ತದೆ. ಆ ದಿನ ಮಾತ್ರ ಲ್ಯಾಬಿನಲ್ಲಿ ನಿಂತಿರಿ, ಯಾಕಂದರೆ ಇಲ್ಲಿ ಮತ್ತೆ ‘ಲಾಗಿನ್ ಆಗ್ತಿಲ್ಲ’ ಶುರುವಾಗುತ್ತದೆ. ಒಳಗೆ ಬಂದವರಿಗೆ ಅದು ಮೊದಲು ಹಳೇ ಪಾಸ್‌ವರ್ಡನ್ನೇ ಇನ್ನೊಮ್ಮೆ ಕೇಳುತ್ತದೆ. ಹುಡುಗರು ಅಲ್ಲೇ ಹೊಸದನ್ನು ಹೊಡೆಯುತ್ತಾರೆ. ಟೈಪ್ ಮಾಡಿದ್ದು ಪರದೆಯಲ್ಲಿ ಕಾಣುವುದಿಲ್ಲ, ಕೀಬೋರ್ಡ್ ಕೆಟ್ಟಿದೆ ಅನ್ನುತ್ತಾರೆ. ಎಲ್ಲ ಸರಿಯಾಗಿ ಮಾಡಿದವರ ಕಿಟಕಿಯೂ ಮುಚ್ಚಿಹೋಗುತ್ತದೆ. ಬದಲಿಸಿದ ಮೇಲೆ ಮತ್ತೆ ಲಾಗಿನ್ ಆಗಬೇಕು ಅನ್ನುವುದು ಅದರ ಕ್ರಮ. ಮತ್ತೆ, ಮೊದಲ ಲಾಗಿನ್ ಪುಟ್ಟಿಯಿಂದಲೇ ಆಗಲಿ. ಫೈಲ್ ಕಳಿಸುವ ಎಸ್‌ಎಫ್‌ಟಿಪಿಯಿಂದ ಬಂದರೆ ಪಾಸ್‌ವರ್ಡ್ ಬದಲಿಸಲು ಅಲ್ಲಿ ಟರ್ಮಿನಲ್ಲೇ ಇಲ್ಲ, ಸಂಪರ್ಕ ಕತ್ತರಿಸುತ್ತದೆ.

ಪ್ರಾಜೆಕ್ಟ್ ಮಾಡುವವರು ಮುಂದೆ ಪಾಸ್‌ವರ್ಡ್ ಬದಲು ಕೀ ಫೈಲ್ ಹಾಕಿ ಲಾಗಿನ್ ಕೇಳಬಹುದು. ಅಲ್ಲಿ ಒಂದೇ ಮಾತು: ‘.ಎಸ್‌ಎಸ್‌ಹೆಚ್’ ಫೋಲ್ಡರಿನ ಪರ್ಮಿಷನ್ 700, ಅದರೊಳಗಿನ ಆಥರೈಸ್ಡ್ ಕೀಸ್ ಫೈಲ್ 600, ಎರಡರ ಮಾಲೀಕ ಆ ವಿದ್ಯಾರ್ಥಿ. ರೂಟ್ ಆಗಿ ಫೋಲ್ಡರ್ ಮಾಡಿ ಮಾಲೀಕನನ್ನು ಬದಲಿಸುವ ‘ಸಿಎಚ್‌ಓನ್’ ಮರೆತರೆ ಕೀ ಎಷ್ಟೇ ಸರಿ ಇದ್ದರೂ ಒಪ್ಪಲ್ಲ. ಹೋಮ್ ಫೋಲ್ಡರನ್ನು 777 (ಯಾರು ಬೇಕಾದರೂ ಬರೆಯಬಹುದು) ಮಾಡಿದರೂ ಒಪ್ಪಲ್ಲ.

ಎಲ್ಲ ಅಕೌಂಟ್ ಸರಿ ಆದ ಮೇಲೆ 60 ಜನ ಒಟ್ಟಿಗೆ ಕೂತಾಗ ಬರುವ ತೊಂದರೆ ಬೇರೆಯೇ. ಬೆಳಗಿನ ಲ್ಯಾಬ್ ಶುರು, ಎಲ್ಲರೂ ಒಂದೇ ನಿಮಿಷದಲ್ಲಿ ಪುಟ್ಟಿ ತೆರೆಯುತ್ತಾರೆ. ಕೆಲವರಿಗೆ ಪಾಸ್‌ವರ್ಡ್ ಕೇಳುವ ಮೊದಲೇ ಸಂಪರ್ಕ ಹೋಗುತ್ತದೆ, ಎರಡನೇ ಸಲಕ್ಕೆ ಆಗುತ್ತದೆ. ಎಸ್‌ಎಸ್‌ಹೆಚ್‌ಡಿಯಲ್ಲಿ (ಎಸ್‌ಎಸ್‌ಹೆಚ್‌ನ ಸರ್ವರ್ ಕಡೆಯ ಪ್ರೋಗ್ರಾಂ) ‘ಮ್ಯಾಕ್ಸ್‌ಸ್ಟಾರ್ಟಪ್ಸ್’ ಅಂತ ಒಂದು ಮಿತಿ ಇದೆ, ಮೊದಲಿಂದ 10:30:100. ಇನ್ನೂ ಪಾಸ್‌ವರ್ಡ್ ಕೊಡದ ಸಂಪರ್ಕಗಳು 10 ಆದ ಮೇಲೆ ಹೊಸದಾಗಿ ಬರುವುದರಲ್ಲಿ ಶೇ. 30ರಷ್ಟನ್ನು ಕಣ್ಣುಮುಚ್ಚಿ ಕತ್ತರಿಸುತ್ತದೆ. 100 ಮುಟ್ಟುವಷ್ಟರಲ್ಲಿ ಎಲ್ಲವನ್ನೂ. ಲ್ಯಾಬ್ ಸರ್ವರ್‌ಗೆ ಮೊದಲ ಅಂಕಿಯನ್ನು 80 ಮಾಡಿದರೆ ಶಾಂತಿ.

ತಪ್ಪು ಲಾಗಿನ್ ಎಣಿಸಿ ತಡೆಯುವ ಫೇಲ್2ಬ್ಯಾನ್ ಹಾಕಿದ್ದರೆ ಜಾಣತನದಿಂದ ನೋಡಬೇಕು. ಅದು ಮನುಷ್ಯನನ್ನು ತಡೆಯುವುದಿಲ್ಲ, ಐಪಿ ವಿಳಾಸವನ್ನು ತಡೆಯುತ್ತದೆ. ಅದರ ಮೂಲ ಸೆಟ್ಟಿಂಗ್ 10 ನಿಮಿಷದಲ್ಲಿ 5 ತಪ್ಪು, 10 ನಿಮಿಷ ನಿಷೇಧ. ಲ್ಯಾಬ್ ಒಳಗೆ ಪ್ರತಿ ಕಂಪ್ಯೂಟರ್‌ಗೂ ಬೇರೆ ಐಪಿ ಇದ್ದರೆ ‘14ನೇ ಸಿಸ್ಟಮ್‌ನಲ್ಲಿ ಯಾರು ಕೂತರೂ ಆಗಲ್ಲ’ ಅನ್ನುವ ದೂರು ಬರುತ್ತದೆ. ಹಾಸ್ಟೆಲ್ ವೈಫೈಯಿಂದ ಎಲ್ಲರೂ ಒಂದೇ ಐಪಿಯಲ್ಲಿ ಬರುತ್ತಿದ್ದರೆ ಒಬ್ಬನ ಮರೆವಿಗೆ ಇಡೀ ಹಾಸ್ಟೆಲ್ ಹೊರಗೆ. ‘ಇಗ್ನೋರ್‌ಐಪಿ’ ಸಾಲಿನಲ್ಲಿ ಕಾಲೇಜಿನ ವಿಳಾಸ ಸೇರಿಸಿ. ಯಾವ ಸಿಸ್ಟಮ್‌ನಲ್ಲಿ ಕೂತರೂ ಒಬ್ಬ ವಿದ್ಯಾರ್ಥಿಗೇ ಆಗುತ್ತಿಲ್ಲ ಅಂದರೆ ತೊಂದರೆ ಅವನ ಅಕೌಂಟಿನದು, ಅಥವಾ ಯಾರಾದರೂ ಹಾಕಿದ್ದರೆ ‘ಫೇಲ್‌ಲಾಕ್’ನದು. ಫೇಲ್‌ಲಾಕ್ 3 ತಪ್ಪಿಗೆ 600 ಸೆಕೆಂಡ್ ಅಕೌಂಟನ್ನೇ ಮುಚ್ಚುತ್ತದೆ, ಆ ಹೊತ್ತಿನಲ್ಲಿ ಸರಿಯಾದ ಪಾಸ್‌ವರ್ಡಿಗೂ ‘ತಪ್ಪು’ ಅನ್ನುತ್ತದೆ. ಮುಂದೆ ಹೊಸ ಆವೃತ್ತಿಗೆ ಹೋದಾಗ ಇನ್ನೊಂದು ನೆನಪಿರಲಿ. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಹೆಚ್ 9.8ರಿಂದ ಫೇಲ್2ಬ್ಯಾನ್ ತರಹದ ಐಪಿ ದಂಡ ಎಸ್‌ಎಸ್‌ಹೆಚ್‌ಡಿಯೊಳಗೇ ಸೇರಿದೆ. ಉಬುಂಟು 24.04ರಲ್ಲಿ ಇರುವುದು 9.6, ಸದ್ಯ ನಿಮಗೆ ಆ ಚಿಂತೆ ಇಲ್ಲ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ‘ಸಿಸ್ಟಮ್ ಈಸ್ ಬೂಟಿಂಗ್ ಅಪ್’ ಎಂದು ಬಂದು, ರೂಟ್ ಬಿಟ್ಟು ಯಾರನ್ನೂ ಬಿಡದಿದ್ದರೆ ಗಾಬರಿ ಬೇಡ. ಎದ್ದು ಕೂರುವವರೆಗೆ ಸಿಸ್ಟಮ್‌ಡಿ ‘/ರನ್/ನೋಲಾಗಿನ್’ ಫೈಲ್ ಇಟ್ಟಿರುತ್ತದೆ, ಆಮೇಲೆ ತಾನೇ ತೆಗೆಯುತ್ತದೆ. ತುಂಬಾ ಹೊತ್ತಾದರೂ ಹೋಗದಿದ್ದರೆ ಯಾವುದೋ ಸರ್ವೀಸ್ ಬೂಟ್‌ನಲ್ಲಿ ಸಿಕ್ಕಿಕೊಂಡಿದೆ. ಹೆಚ್ಚಾಗಿ ಅದು ಸಿಗದೇ ಹೋದ ನೆಟ್‌ವರ್ಕ್ ಡಿಸ್ಕ್.

ಕೊನೆಗೆ, ಅಲೋಯೂಸರ್ಸ್ ಅಥವಾ ಮ್ಯಾಕ್ಸ್‌ಸ್ಟಾರ್ಟಪ್ಸ್ ಬದಲಿಸುವಾಗ. ಉಬುಂಟುವಿನಲ್ಲಿ ‘ಎಸ್‌ಎಸ್‌ಹೆಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರಿನ ಫೈಲುಗಳನ್ನು ಮೊದಲು ಓದುತ್ತದೆ, ‘ಎಸ್‌ಎಸ್‌ಹೆಚ್‌ಡಿ_ಕಾನ್ಫಿಗ್’ ಅನ್ನುವ ದೊಡ್ಡ ಫೈಲನ್ನು ಆಮೇಲೆ. ಮ್ಯಾಕ್ಸ್‌ಸ್ಟಾರ್ಟಪ್ಸ್‌ಗೆ ಮೊದಲು ಸಿಕ್ಕಿದ ಬೆಲೆಯೇ ಗಟ್ಟಿ, ಅಲೋಯೂಸರ್ಸ್ ಸಾಲುಗಳು ಮಾತ್ರ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಆ ಫೋಲ್ಡರಿನಲ್ಲಿ ಮ್ಯಾಕ್ಸ್‌ಸ್ಟಾರ್ಟಪ್ಸ್ ಇದ್ದರೆ ಅದಕ್ಕಾಗಿ ದೊಡ್ಡ ಫೈಲನ್ನು ಎಷ್ಟು ತಿದ್ದಿದರೂ ಏನೂ ಆಗಲ್ಲ. ‘ಸುಡೋ ಎಸ್‌ಎಸ್‌ಹೆಚ್‌ಡಿ -’ ಹಾಕಿ ದೊಡ್ಡ ‘ಟಿ’ ಕೊಟ್ಟರೆ ನಿಜಕ್ಕೂ ಜಾರಿಯಲ್ಲಿ ಬರುವ ಸೆಟ್ಟಿಂಗ್ ಕಾಣುತ್ತದೆ. ಸಣ್ಣ ‘ಟಿ’ ಕೊಟ್ಟರೆ ಬರೆದದ್ದರಲ್ಲಿ ತಪ್ಪಿದ್ದರೆ ಹೇಳುತ್ತದೆ. ಎರಡನ್ನೂ ನೋಡಿದ ಮೇಲೆ ರೀಸ್ಟಾರ್ಟ್ ಮಾಡಿ. ಈಗ ತೆರೆದಿರುವ ಕಿಟಕಿಯನ್ನು ಮುಚ್ಚಬೇಡಿ, ಇನ್ನೊಂದು ಕಿಟಕಿ ತೆರೆದು ಲಾಗಿನ್ ಆಗುತ್ತದೆಯೇ ನೋಡಿಕೊಳ್ಳಿ. ಅಲ್ಲಿ ಆಗದಿದ್ದರೆ ಮೊದಲ ಕಿಟಕಿಯಲ್ಲೇ ತಿದ್ದಿದ್ದನ್ನು ವಾಪಸ್ ತೆಗೆಯಬಹುದು.